ಯಾವುದಕ್ಕೆ ಹೋಲಿಸಿದರೆ?

1993ರ ಅಕ್ಟೋಬರ್ 14ರ ‘ನೇಚರ್’ ಪತ್ರಿಕೆಯ 611ನೇ ಪುಟದಲ್ಲಿ ಪುಟ್ಟ ವರದಿಯೊಂದು ಅಚ್ಚಾಯಿತು. ಬರೆದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯ ಫ್ರಾನ್ಸಿಸ್ ರೌಷರ್, ಗಾರ್ಡನ್ ಶಾ ಮತ್ತು ಕ್ಯಾಥರಿನ್ ಕೈ. ಶಾ ಭೌತವಿಜ್ಞಾನಿ, ರೌಷರ್ ಮನಶ್ಶಾಸ್ತ್ರಕ್ಕೆ ಬರುವ ಮುನ್ನ ಕಛೇರಿಗಳಲ್ಲಿ ಚೆಲ್ಲೋ ನುಡಿಸುತ್ತಿದ್ದವರು. 36 ಕಾಲೇಜು ವಿದ್ಯಾರ್ಥಿಗಳು ಮೂರು ಬಗೆಯಲ್ಲಿ ಹತ್ತು ಹತ್ತು ನಿಮಿಷ ಕಳೆದರು. ಒಮ್ಮೆ ಮೊಜಾರ್ಟ್‌ನ ಎರಡು ಪಿಯಾನೋಗಳ ಸೊನಾಟಾ ಕೇಳಿದರು, ಒಮ್ಮೆ ಮೈಮನ ಸಡಿಲಿಸುವ ಸೂಚನೆಗಳ ಟೇಪು ಕೇಳಿದರು, ಒಮ್ಮೆ ಸುಮ್ಮನೆ ಕೂತರು. ಪ್ರತಿಸಲವೂ ಆ ಹತ್ತು ನಿಮಿಷ ಮುಗಿದ ಕೂಡಲೇ ಆಕಾರ, ಜಾಗ, ದಿಕ್ಕುಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಬೇಕಾದ ಪ್ರಶ್ನೆಗಳನ್ನು ಬಿಡಿಸಿದರು. ಕಾಗದವನ್ನು ಮಡಿಸಿ ಕತ್ತರಿಸಿದ ಚಿತ್ರ ತೋರಿಸಿ, ಬಿಡಿಸಿದರೆ ಹೇಗೆ ಕಾಣುತ್ತದೆ ಎಂದು ಕೇಳುವ ಪ್ರಶ್ನೆಯೂ ಅದರಲ್ಲಿತ್ತು. ನವೋದಯ ಶಾಲೆಯ ಪ್ರವೇಶ ಪರೀಕ್ಷೆಗೆ ತಯಾರಿ ನಡೆಸಿದ ಮಕ್ಕಳಿಗೆ ಇಂಥ ಪ್ರಶ್ನೆಗಳ ಪರಿಚಯವಿರುತ್ತದೆ.

ಬಂದ ಫಲಿತಾಂಶವನ್ನು ಐಕ್ಯೂ ಅಳತೆಗೆ ಇಳಿಸಿ ಕೊಟ್ಟರು. ಮೊಜಾರ್ಟ್ ಕೇಳಿದ ಮೇಲೆ 119, ಟೇಪು ಕೇಳಿದ ಮೇಲೆ 111, ಸುಮ್ಮನಿದ್ದ ಮೇಲೆ 110. ಈ ಹೆಚ್ಚಳ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂದೂ ಅವರೇ ಬರೆದರು.

ಆಮೇಲೆ ನಡೆದದ್ದನ್ನು ನೋಡಿ. 1998ರ ಜನವರಿಯಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್, ತಮ್ಮ ರಾಜ್ಯದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಸಿ.ಡಿ. ಅಥವಾ ಕ್ಯಾಸೆಟ್ ಕೊಡಲು ಬಜೆಟ್ಟಿನಲ್ಲಿ 1,05,000 ಡಾಲರ್ ಕೇಳಿದರು. ಅದೇ ವರ್ಷ ಫ್ಲೋರಿಡಾ ರಾಜ್ಯ, ಸರ್ಕಾರದ ಹಣ ಪಡೆಯುವ ಶಿಶುಪಾಲನಾ ಕೇಂದ್ರಗಳಲ್ಲಿ ದಿನವೂ ಶಾಸ್ತ್ರೀಯ ಸಂಗೀತ ಹಾಕಬೇಕೆಂದು ಕಾನೂನು ಮಾಡಿತು. ‘ಮೊಜಾರ್ಟ್ ಪರಿಣಾಮ’ ಎಂಬ ಹೆಸರಿನಲ್ಲಿ ಪುಸ್ತಕ ಬಂತು, ಸಿ.ಡಿ.ಗಳ ಸಾಲೇ ಬಂತು. ಇಂದಿಗೂ ಯೂಟ್ಯೂಬಿನಲ್ಲಿ ಹುಡುಕಿದರೆ ಗರ್ಭದಲ್ಲಿರುವ ಮಗುವಿನ ಬುದ್ಧಿ ಚುರುಕಾಗಿಸುವ ಸಂಗೀತ ಗಂಟೆಗಟ್ಟಲೆ ಸಿಗುತ್ತದೆ. ಮೂಲ ಪ್ರಯೋಗದ 36 ಮಂದಿಯಲ್ಲಿ ಮಗು ಒಂದೂ ಇರಲಿಲ್ಲ.

ಏಡ್ರಿಯನ್ ಬ್ಯಾಂಗರ್ಟರ್ ಮತ್ತು ಚಿಪ್ ಹೀತ್ ಎಂಬಿಬ್ಬರು 2004ರಲ್ಲಿ ಈ ಸುದ್ದಿ ಬೆಳೆದ ದಾರಿಯನ್ನೇ ಅಧ್ಯಯನ ಮಾಡಿದರು. ಪತ್ರಿಕೆಗಳಲ್ಲಿ ಕಾಲೇಜು ವಿದ್ಯಾರ್ಥಿಗಳು ಮೆಲ್ಲಗೆ ಮರೆಯಾಗಿ ಆ ಜಾಗಕ್ಕೆ ಹಸುಗೂಸುಗಳು ಬಂದದ್ದನ್ನು ಅವರು ತೋರಿಸಿದರು. ಶಾಲಾ ಶಿಕ್ಷಣದ ಸ್ಥಿತಿ ಹಿಂದುಳಿದಿದ್ದ ರಾಜ್ಯಗಳ ಪತ್ರಿಕೆಗಳಲ್ಲೇ ಈ ಸುದ್ದಿಗೆ ಹೆಚ್ಚು ಜಾಗ ಸಿಕ್ಕಿತ್ತು. ಇದು ನನ್ನನ್ನು ಬಹಳ ಕಾಡಿದ ಸಂಗತಿ. ಮಕ್ಕಳ ಕಲಿಕೆಯ ಚಿಂತೆ ಎಲ್ಲಿ ಹೆಚ್ಚೋ ಅಲ್ಲಿ ಸುಲಭದ ಉಪಾಯಕ್ಕೆ ಕಿವಿ ಬೇಗ ತೆರೆಯುತ್ತದೆ. ನಮ್ಮ ಊರುಗಳಲ್ಲೂ ಮೆದುಳು ಚುರುಕು ಮಾಡುವ ಶಿಬಿರ, ನೆನಪಿನ ಶಕ್ತಿ ಹೆಚ್ಚಿಸುವ ತರಬೇತಿ, ‘ನಮ್ಮಲ್ಲಿ ಓದಿದ ನೂರರಲ್ಲಿ ತೊಂಬತ್ತೆಂಟು ಮಂದಿ ಪಾಸು’ ಎನ್ನುವ ಫಲಕ, ಎಲ್ಲವೂ ನಿಂತಿರುವುದು ಅಪ್ಪ ಅಮ್ಮಂದಿರ ಇದೇ ಚಿಂತೆಯ ಮೇಲೆ. ಅದಕ್ಕೇ ಮನಶ್ಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೆ ಸಂಶೋಧನಾ ವಿಧಾನವೆಂದು ಕಲಿಸುವ ನಾಲ್ಕಾರು ಸಂಗತಿಗಳು ಆ ತರಗತಿಯೊಳಗೇ ಉಳಿಯಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅವೆಲ್ಲದರ ಬುಡದಲ್ಲಿರುವುದು ಒಂದೇ ಪ್ರಶ್ನೆ: ಯಾವುದಕ್ಕೆ ಹೋಲಿಸಿದರೆ?

119 ಎಂಬ ಅಂಕಿ ಒಂಟಿಯಾಗಿ ನಿಂತಿದ್ದರೆ ಅದು ಏನನ್ನೂ ಹೇಳುವುದಿಲ್ಲ. ಪಕ್ಕದಲ್ಲಿ 111, 110 ಇದ್ದದ್ದರಿಂದಲೇ ಅದಕ್ಕೆ ಅರ್ಥ ಬಂತು. ರೌಷರ್ ತಂಡದ ಪ್ರಯೋಗದ ಒಳ್ಳೆಯ ಗುಣವೂ ಇದೇ. ಅವರು ಒಬ್ಬೊಬ್ಬ ವಿದ್ಯಾರ್ಥಿಯನ್ನು ಅವನಿಗೇ ಹೋಲಿಸಿದರು. ಜಾಣ ಜಾಣನೇ ಆಗಿ, ಮಂದ ಮಂದನೇ ಆಗಿ ಮೂರೂ ಸನ್ನಿವೇಶಗಳಲ್ಲಿ ಉಳಿಯುತ್ತಾನೆ. ಹಾಗಾಗಿ ಜನರ ನಡುವಿನ ವ್ಯತ್ಯಾಸ ಲೆಕ್ಕದಿಂದ ಹೊರಗೆ ಹೋಗುತ್ತದೆ. ಇಂಥ ಪ್ರಯೋಗಗಳಲ್ಲಿ ಕ್ರಮವನ್ನು ಅದಲುಬದಲು ಮಾಡುವುದು ಮುಖ್ಯ. ಎಲ್ಲರಿಗೂ ಮೊಜಾರ್ಟ್ ಕೊನೆಯಲ್ಲೇ ಬಂದರೆ, ಅಷ್ಟರಲ್ಲಿ ಪ್ರಶ್ನೆಗಳು ರೂಢಿಯಾಗಿದ್ದರಿಂದ ಅಂಕ ಹೆಚ್ಚಿತೋ ಸಂಗೀತದಿಂದಲೋ ತಿಳಿಯುವುದು ಹೇಗೆ?

ಹೋಲಿಕೆಯಿಲ್ಲದ ಅಂಕಿ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇನ್ನೊಂದಿದೆ. ಸಂಗೀತ ಕಲಿಯುವ ಮಕ್ಕಳು ಶಾಲೆಯಲ್ಲೂ ಮುಂದಿರುತ್ತಾರೆ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ, ಅದು ಸುಳ್ಳೇನಲ್ಲ. ಎರಡು ಸಂಗತಿಗಳು ಹೀಗೆ ಜೊತೆಜೊತೆಗೆ ಏರುತ್ತ ಇಳಿಯುತ್ತ ಇದ್ದರೆ ಅದಕ್ಕೆ ಸಹಸಂಬಂಧ ಎನ್ನುತ್ತಾರೆ. ಅದನ್ನು ಋಣ ಒಂದರಿಂದ ಧನ ಒಂದರವರೆಗಿನ ಒಂದೇ ಸಂಖ್ಯೆಯಲ್ಲಿ ಹೇಳಬಹುದು. ಮನಶ್ಶಾಸ್ತ್ರದಲ್ಲಿ ಈ ಅಳತೆಯನ್ನು ಬೇರೂರಿಸಿದವರಲ್ಲಿ ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್ ಮುಖ್ಯರು. ಶ್ರೇಣಿಗಳ ನಡುವಿನ ಸಹಸಂಬಂಧ ಕಂಡುಹಿಡಿಯುವ ಅವರ ವಿಧಾನವನ್ನು ಇವತ್ತಿಗೂ ಪಾಠ ಮಾಡುತ್ತಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಇದೇ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿ ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದವರೂ ಅವರೇ. ಮನಸ್ಸನ್ನು ಅಳೆಯುವ ಶಾಸ್ತ್ರವನ್ನೂ ಮನೆಮನೆಗೆ ಸಂಗೀತ ಮುಟ್ಟಿಸುವ ಯಂತ್ರವನ್ನೂ ಒಬ್ಬನೇ ಮನುಷ್ಯ ನಮ್ಮ ನಾಡಿಗೆ ತಂದ ಎನ್ನುವುದು ಹೆಮ್ಮೆಯಿಂದ ನೆನೆಯಬೇಕಾದ ವಿಷಯ.

ಸಹಸಂಬಂಧ ಹೇಳುವುದು ಜೊತೆಯನ್ನು ಮಾತ್ರ. ಯಾವುದು ಯಾವುದನ್ನು ಎಳೆಯುತ್ತಿದೆ ಎಂಬುದನ್ನಲ್ಲ. ಮಗುವನ್ನು ವಾರಕ್ಕೆ ಎರಡು ದಿನ ಸಂಗೀತದ ಮೇಷ್ಟರ ಮನೆಗೆ ಕಳಿಸುವ ಕುಟುಂಬ ಎಂಥದ್ದು? ಶುಲ್ಕ ಕಟ್ಟುವ ಶಕ್ತಿ ಇರುವಂಥದ್ದು, ಮಗುವಿನ ಹೋಂವರ್ಕನ್ನೂ ನೋಡುವಂಥದ್ದು, ಮನೆಯಲ್ಲಿ ನಾಲ್ಕು ಪುಸ್ತಕ ಇರುವಂಥದ್ದು. ಅಂಕವನ್ನು ಮೇಲಕ್ಕೆತ್ತಿದ್ದು ಸಂಗೀತವೋ ಆ ಮನೆಯೋ? ಇನ್ನೂ ಒಂದು ಸಾಧ್ಯತೆಯಿದೆ. ಮೊದಲೇ ಚುರುಕಾದ ಮಗು ಸಂಗೀತದ ಪಾಠವನ್ನು ಅರ್ಧಕ್ಕೆ ಬಿಡದೆ ಮುಂದುವರಿಸಿರಬಹುದು. ಆಗ ಎಳೆಯುತ್ತಿರುವುದು ಬುದ್ಧಿ, ಹಿಂಬಾಲಿಸುತ್ತಿರುವುದು ಸಂಗೀತ.

ಈ ಗಂಟನ್ನು ಬಿಡಿಸಲು ಇರುವ ದಾರಿ ಸರಳ, ಆದರೆ ಖರ್ಚಿನದು. ಯಾವ ಮಗು ಸಂಗೀತ ಕಲಿಯಬೇಕೆಂಬುದನ್ನು ತಂದೆತಾಯಿಗಳಿಗೂ ಬಿಡದೆ, ಸಂಶೋಧಕರಿಗೂ ಬಿಡದೆ, ಚೀಟಿ ಎತ್ತಿ ನಿರ್ಧರಿಸುವುದು. ಕೆನಡಾದ ಗ್ಲೆನ್ ಶೆಲೆನ್‌ಬರ್ಗ್ 2004ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ. ಆರು ವರ್ಷದ 144 ಮಕ್ಕಳು, ನಾಲ್ಕು ಗುಂಪು. ಒಂದಕ್ಕೆ ಕೀಬೋರ್ಡ್, ಒಂದಕ್ಕೆ ಹಾಡುಗಾರಿಕೆ, ಒಂದಕ್ಕೆ ನಾಟಕ, ಇನ್ನೊಂದಕ್ಕೆ ಆ ವರ್ಷ ಏನೂ ಇಲ್ಲ. 36 ವಾರಗಳ ಪಾಠ. ಮೊದಲೊಮ್ಮೆ, ಕೊನೆಯಲ್ಲೊಮ್ಮೆ ಐಕ್ಯೂ ಪರೀಕ್ಷೆ. ಸಂಗೀತ ಕಲಿತ ಮಕ್ಕಳ ಅಂಕ ಸರಾಸರಿ 7ರಷ್ಟು ಏರಿತು. ಪ್ರಯೋಗ ಇಷ್ಟಕ್ಕೇ ಮುಗಿದಿದ್ದರೆ ಯಾವ ಸಂಗೀತ ಶಾಲೆಯಾದರೂ ‘ಒಂದೇ ವರ್ಷದಲ್ಲಿ ಏಳು ಅಂಕ’ ಎಂದು ಫಲಕ ಬರೆಸಬಹುದಿತ್ತು, ಆ ಫಲಕದಲ್ಲಿ ಸುಳ್ಳೂ ಇರುತ್ತಿರಲಿಲ್ಲ. ಆದರೆ ಸಂಗೀತ ಕಲಿಯದ ಮಕ್ಕಳ ಅಂಕವೂ 4.3ರಷ್ಟು ಏರಿತ್ತು. ಆರು ವರ್ಷದ ಮಗು ಆ ವರ್ಷ ಒಂದನೇ ತರಗತಿಗೆ ಹೋಗುತ್ತದೆ, ಓದಲು ಬರೆಯಲು ಕಲಿಯುತ್ತದೆ, ಒಂದು ಜಾಗದಲ್ಲಿ ಕೂತು ಪ್ರಶ್ನೆ ಬಿಡಿಸುವುದನ್ನು ಕಲಿಯುತ್ತದೆ. ಸಂಗೀತದ ಲೆಕ್ಕಕ್ಕೆ ಉಳಿಯುವುದು 2.7 ಅಂಕ. ನಾಟಕ ಕಲಿತ ಮಕ್ಕಳ ಐಕ್ಯೂ ಏನೂ ಕಲಿಯದವರಿಗಿಂತ ಹೆಚ್ಚಾಗಿ ಏರಲಿಲ್ಲ, ಆದರೆ ಇತರರೊಡನೆ ಬೆರೆಯುವ ನಡವಳಿಕೆ ಸುಧಾರಿಸಿತ್ತು. ಈ ಕೊನೆಯ ಸಂಗತಿಯನ್ನು ಯಾರೂ ಫಲಕದಲ್ಲಿ ಬರೆಸುವುದಿಲ್ಲ. ನನಗಂತೂ ಅದೇ ಹೆಚ್ಚು ಬೆಲೆಯುಳ್ಳದ್ದು ಎನಿಸುತ್ತದೆ.

ಚೀಟಿ ಎತ್ತುವ ಈ ಉಪಾಯವನ್ನು ಪ್ರಯೋಗದ ನಡುಮಧ್ಯೆ ತಂದು ಕೂರಿಸಿದವರು ಇಂಗ್ಲೆಂಡಿನ ಆರ್.ಎ. ಫಿಶರ್. 1920ರ ದಶಕದಲ್ಲಿ ಅವರು ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದರು. ಅಲ್ಲಿನ ಪಾಚಿ ವಿಜ್ಞಾನಿ ಮ್ಯೂರಿಯಲ್ ಬ್ರಿಸ್ಟಲ್, ಕಪ್ಪಿಗೆ ಮೊದಲು ಹಾಲು ಹಾಕಿದ್ದೋ ಮೊದಲು ಟೀ ಹಾಕಿದ್ದೋ ಎಂದು ತಾವು ರುಚಿಯಿಂದಲೇ ಹೇಳಬಲ್ಲೆ ಎಂದರಂತೆ. ಇದನ್ನು ಹೇಗೆ ಪರೀಕ್ಷಿಸುವುದು ಎಂಬ ಯೋಚನೆ ಬೆಳೆದು ಫಿಶರ್ ಅವರ 1935ರ ಪುಸ್ತಕದಲ್ಲಿ ಒಂದು ಅಧ್ಯಾಯವಾಯಿತು. ಎಂಟು ಕಪ್ಪು, ನಾಲ್ಕಕ್ಕೆ ಮೊದಲು ಹಾಲು, ನಾಲ್ಕಕ್ಕೆ ಮೊದಲು ಟೀ, ಕೊಡುವ ಕ್ರಮವನ್ನು ನಿರ್ಧರಿಸುವುದು ಅದೃಷ್ಟ. ರುಚಿ ನೋಡುವವರು ಮೊದಲು ಹಾಲು ಹಾಕಿದ ನಾಲ್ಕನ್ನು ಬೇರೆ ಮಾಡಬೇಕು.

ಇಲ್ಲಿ ಹೋಲಿಕೆ ಯಾವುದಕ್ಕೆ? ಏನೂ ಗೊತ್ತಿಲ್ಲದೆ ಬರೀ ಊಹೆಯಿಂದ ಆರಿಸಿದವರಿಗೆ. ಎಂಟರಲ್ಲಿ ನಾಲ್ಕನ್ನು ಆರಿಸಲು 70 ಬಗೆಗಳಿವೆ, ಸರಿಯಾದದ್ದು ಒಂದೇ. ಹಾಗಾಗಿ ಕಣ್ಣುಮುಚ್ಚಿ ಆರಿಸಿದರೂ ಎಲ್ಲವೂ ಸರಿಹೋಗುವ ಸಾಧ್ಯತೆ 70ರಲ್ಲಿ ಒಂದು, ಅಂದರೆ ಶೇ. 1.4. ಯಾರಾದರೂ ನಾಲ್ಕನ್ನೂ ಸರಿಯಾಗಿ ಹೇಳಿದರೆ ಅವರಿಗೆ ಏನೋ ತಿಳಿಯುತ್ತಿದೆ ಎಂದು ನಂಬಲು ಕಾರಣವಿದೆ. ಮೂರು ಸರಿ, ಒಂದು ತಪ್ಪು ಎಂದುಕೊಳ್ಳಿ. ಎಂಟು ಕಪ್ಪುಗಳಲ್ಲಿ ಆರನ್ನು ಸರಿಯಾಗಿ ಗುರುತಿಸಿದಂತಾಯಿತು. ಕೇಳಲು ಚೆನ್ನಾಗಿಯೇ ಇದೆ. ಆದರೆ ಬರೀ ಊಹೆಯಿಂದ ಇಷ್ಟು ಅಥವಾ ಇದಕ್ಕಿಂತ ಚೆನ್ನಾಗಿ ಹೇಳುವ ಬಗೆಗಳು 70ರಲ್ಲಿ 17, ಸುಮಾರು ಶೇ. 24. ನಾಲ್ಕರಲ್ಲಿ ಒಂದು ಸಲ ಸುಮ್ಮನೆ ಕೂಡಿಬರುವ ಸಂಗತಿಯನ್ನು ಹಿಡಿದು ಯಾರಿಗೂ ನಾಲಿಗೆಯ ಪ್ರಶಸ್ತಿ ಕೊಡಲಾಗದು.

ಪಿ-ಮೌಲ್ಯ ಎಂದು ಕರೆಯುವುದು ಇದನ್ನೇ. ಇಲ್ಲಿ ವಿಶೇಷವೇನೂ ನಡೆದಿಲ್ಲ ಎಂದುಕೊಂಡರೂ, ಕಣ್ಣಿಗೆ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಾಧ್ಯತೆ ಎಷ್ಟು ಎಂಬ ಲೆಕ್ಕ. ಅದು ಶೇ. 5ಕ್ಕಿಂತ ಕಡಿಮೆಯಿದ್ದರೆ ಫಲಿತಾಂಶ ‘ಸಾರ್ಥಕ’ ಎನ್ನುವುದು ರೂಢಿ. ಫಿಶರ್ 1925ರ ಪುಸ್ತಕದಲ್ಲಿ ಅನುಕೂಲಕ್ಕೆಂದು ಸೂಚಿಸಿದ ಗೆರೆ ಅದು. ಇದನ್ನು ‘ಶೇ. 95ರಷ್ಟು ಖಚಿತವಾಗಿ ಸಾಬೀತಾಗಿದೆ’ ಎಂದು ಓದುವವರು ಬಹಳ, ಪತ್ರಕರ್ತರಲ್ಲೂ ಪ್ರಾಧ್ಯಾಪಕರಲ್ಲೂ. ಅದು ತಪ್ಪು. ಆ ಅಂಕಿ ಹೇಳುವುದು ಆಕಸ್ಮಿಕದ ಬಗ್ಗೆ. ನಮ್ಮ ಹೇಳಿಕೆ ಎಷ್ಟು ನಿಜ ಎಂಬುದರ ಬಗ್ಗೆಯಲ್ಲ, ಪರಿಣಾಮ ಎಷ್ಟು ದೊಡ್ಡದು ಎಂಬುದರ ಬಗ್ಗೆಯೂ ಅಲ್ಲ. ಇದೇ ಫಿಶರ್ ಬಳಿ ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡಿ 1948ರಲ್ಲಿ ಡಾಕ್ಟರೇಟ್ ಪಡೆದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಜಗತ್ತಿನ ಸಂಖ್ಯಾಶಾಸ್ತ್ರದ ಪಠ್ಯಗಳಲ್ಲೆಲ್ಲ ಇರುವ ಈ ಹೆಸರು ಹಡಗಲಿಯ ಮಕ್ಕಳಿಗೂ ಪಾಠವಾಗಬೇಕು ಎಂದು ನನ್ನ ಆಸೆ.

ಮೊಜಾರ್ಟ್‌ಗೆ ಮರಳೋಣ. ಅಲ್ಲಿ ಆಕಸ್ಮಿಕದ ಪಾಲು ಎಷ್ಟಿರಬಹುದು? ಇದಕ್ಕೆ ಸರಾಸರಿಯೊಂದೇ ಸಾಲದು, ಜನ ಆ ಸರಾಸರಿಯ ಸುತ್ತ ಎಷ್ಟು ಹರಡಿಕೊಂಡಿದ್ದಾರೆ ಎಂಬುದೂ ಬೇಕು. ಬಹುತೇಕ ಐಕ್ಯೂ ಪರೀಕ್ಷೆಗಳನ್ನು ಸರಾಸರಿ 100, ಮಾನಕ ವಿಚಲನೆ 15 ಬರುವಂತೆ ಹೊಂದಿಸಿರುತ್ತಾರೆ. ಅಂದರೆ ಮೂರರಲ್ಲಿ ಎರಡು ಪಾಲು ಜನ 85ರಿಂದ 115ರ ನಡುವೆ ಇರುತ್ತಾರೆ, ನೂರರಲ್ಲಿ ತೊಂಬತ್ತೈದು ಮಂದಿ 70ರಿಂದ 130ರ ನಡುವೆ. ಈಗ ಇದೇ ಜನರಿಂದ ಚೀಟಿ ಎತ್ತಿ 12 ಮಂದಿಯ ಎರಡು ಗುಂಪು ಮಾಡಿ. ಯಾರಿಗೂ ಏನನ್ನೂ ಕೇಳಿಸಬೇಡಿ. ಎರಡೂ ಗುಂಪುಗಳ ಸರಾಸರಿ ಒಂದೇ ಇರುತ್ತದೆಯೇ? ಇಲ್ಲ. ಲೆಕ್ಕ ಹಾಕಿದರೆ ಮೂರರಲ್ಲಿ ಒಂದು ಸಲ ಅವುಗಳ ನಡುವೆ 6 ಅಂಕಕ್ಕೂ ಹೆಚ್ಚು ಅಂತರ ಬರುತ್ತದೆ, ಯಾವ ಕಾರಣವೂ ಇಲ್ಲದೆ. ಗುಂಪುಗಳಲ್ಲಿ 400 ಮಂದಿ ಇದ್ದರೆ? ಆಗ ಮೂರರಲ್ಲಿ ಒಂದು ಸಲ ಬರುವ ಅಂತರ ಒಂದು ಅಂಕಕ್ಕೆ ಇಳಿಯುತ್ತದೆ. ಈ ತೂಗಾಟ ಕಡಿಮೆಯಾಗುವುದು ಜನರ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ. ಅರ್ಧಕ್ಕೆ ಇಳಿಸಬೇಕೆಂದರೆ ನಾಲ್ಕು ಪಟ್ಟು ಜನ ಬೇಕು. ಸಣ್ಣ ಪ್ರಯೋಗದಲ್ಲಿ ದೊಡ್ಡ ಪರಿಣಾಮ ಕಂಡಾಗ ಸಂಭ್ರಮಕ್ಕಿಂತ ಮೊದಲು ಅನುಮಾನ ಬರಬೇಕಾದ್ದು ಈ ಕಾರಣಕ್ಕೆ. ಅವರವರನ್ನು ಅವರವರಿಗೇ ಹೋಲಿಸುವುದರಿಂದ ರೌಷರ್ ತಂಡ ಈ ತೂಗಾಟವನ್ನು ಸಾಕಷ್ಟು ತಗ್ಗಿಸಿತ್ತು ಎಂಬುದು ನಿಜ. ಆದರೂ 36 ಸಣ್ಣ ಸಂಖ್ಯೆಯೇ.

ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಅದು ಸರಿ, ಏಕೆಂದರೆ ಎಲ್ಲ ಅಗುಳೂ ಒಂದೇ ಪಾತ್ರೆಯಲ್ಲಿ, ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿವೆ. ಮನುಷ್ಯರು ಹಾಗೆ ಒಂದೇ ಪಾತ್ರೆಯಲ್ಲಿ ಬೆಂದವರಲ್ಲ. ಜೋಸೆಫ್ ಹೆನ್ರಿಕ್ ಮತ್ತು ಇಬ್ಬರು ಸಹೋದ್ಯೋಗಿಗಳು 2010ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಒಂದು ಲೆಕ್ಕವಿದೆ. ಮನಶ್ಶಾಸ್ತ್ರದ ಮುಖ್ಯ ಪತ್ರಿಕೆಗಳ ಪ್ರಯೋಗಗಳಲ್ಲಿ ಭಾಗವಹಿಸಿದವರಲ್ಲಿ ಶೇ. 96ರಷ್ಟು ಜನ ಬಂದಿರುವುದು ಜಗತ್ತಿನ ಜನಸಂಖ್ಯೆಯ ಶೇ. 12 ಮಾತ್ರ ಇರುವ ದೇಶಗಳಿಂದ. ಅವರಲ್ಲೂ ಬಹುಪಾಲು ಕಾಲೇಜು ವಿದ್ಯಾರ್ಥಿಗಳು. ಕ್ಯಾಲಿಫೋರ್ನಿಯಾದ ಇಪ್ಪತ್ತರ ಹುಡುಗನಿಂದ ಬಂದ ಫಲಿತಾಂಶವನ್ನು ಜಾರ್ಜಿಯಾದ ಹಸುಗೂಸಿಗೆ ಹೊಂದಿಸಲು ಹೊರಟರೆ ತಪ್ಪಾಗುತ್ತದೆ. ಕಲಬುರಗಿಯ ಹತ್ತು ವರ್ಷದ ಹುಡುಗಿಗೆ ಹೊಂದಿಸುವ ಮುನ್ನವೂ ಅಷ್ಟೇ ಹಿಂಜರಿಯಬೇಕು.

ಇನ್ನು ಈ ಕತೆಯ ಅತ್ಯಂತ ಸ್ವಾರಸ್ಯದ ಭಾಗ. ಮೊಜಾರ್ಟ್ ಕೇಳಿದವರನ್ನು ಹೋಲಿಸಿದ್ದು ಸುಮ್ಮನೆ ಕೂತವರಿಗೆ. ಹತ್ತು ನಿಮಿಷ ಖಾಲಿ ಕೋಣೆಯಲ್ಲಿ ಏನೂ ಮಾಡದೆ ಕೂತರೆ ಏನಾಗುತ್ತದೆ? ಬೇಸರ ಬರುತ್ತದೆ, ತೂಕಡಿಕೆಯೂ ಬರಬಹುದು. ಹಾಗಾದರೆ ಮೊಜಾರ್ಟ್ ಅಂಕವನ್ನು ಮೇಲೆತ್ತಿತೋ, ಬೇಸರ ಅಂಕವನ್ನು ಕೆಳಗೆಳೆಯಿತೋ? ಶೆಲೆನ್‌ಬರ್ಗ್ ಮತ್ತು ಕ್ರಿಸ್ಟಿನ್ ನ್ಯಾಂಟೈ 1999ರಲ್ಲಿ ಹೋಲಿಕೆಯನ್ನೇ ಬದಲಿಸಿ ನೋಡಿದರು. ಮೊಜಾರ್ಟ್ ಬದಲು ಷೂಬರ್ಟ್ ಹಾಕಿದರು. ಅದೂ ಮೊಜಾರ್ಟ್‌ನಷ್ಟೇ ಕೆಲಸ ಮಾಡಿತು. ಮೌನದ ಬದಲು ಸ್ಟೀಫನ್ ಕಿಂಗ್ ಬರೆದ ಕತೆಯೊಂದನ್ನು ಕೇಳಿಸಿದರು. ಮೊಜಾರ್ಟ್‌ನ ಮೇಲುಗೈ ಮಾಯವಾಯಿತು. ಸಂಗೀತ ಇಷ್ಟಪಟ್ಟವರು ಸಂಗೀತದ ನಂತರ ಚೆನ್ನಾಗಿ ಮಾಡಿದರು, ಕತೆ ಇಷ್ಟಪಟ್ಟವರು ಕತೆಯ ನಂತರ. 2001ರ ಇನ್ನೊಂದು ಪ್ರಯೋಗದಲ್ಲಿ ಉಲ್ಲಾಸದ ಮೊಜಾರ್ಟ್ ಸೊನಾಟಾ ಒಂದು ಕಡೆ, ಆಲ್ಬಿನೋನಿಯ ಹೆಸರಿನಲ್ಲಿ ಪ್ರಸಿದ್ಧವಾದ ನಿಧಾನ, ವಿಷಾದದ ಅಡಾಜಿಯೋ ಇನ್ನೊಂದು ಕಡೆ. ಮೊದಲನೆಯದು ಅಂಕ ಹೆಚ್ಚಿಸಿತು, ಎರಡನೆಯದು ಹೆಚ್ಚಿಸಲಿಲ್ಲ. ಕೇಳುಗರ ಲವಲವಿಕೆ ಮತ್ತು ಮನಃಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ಮೊಜಾರ್ಟ್‌ನ ಪಾಲು ಏನೂ ಉಳಿಯಲಿಲ್ಲ. ಬ್ರಿಟನ್ನಿನಲ್ಲಿ 10-11 ವರ್ಷದ ಸುಮಾರು 8 ಸಾವಿರ ಶಾಲಾ ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗವೊಂದರಲ್ಲಿ, ಆ ಕಾಲದ ಪಾಪ್ ಹಾಡುಗಳನ್ನು ಕೇಳಿದ ಮಕ್ಕಳು ಕಾಗದ ಮಡಿಸುವ ಪ್ರಶ್ನೆಗಳನ್ನು ಮೊಜಾರ್ಟ್ ಕೇಳಿದವರಿಗಿಂತ ಚೆನ್ನಾಗಿ ಬಿಡಿಸಿದರು.

ಹೀಗೆ ಮೂಲ ವ್ಯತ್ಯಾಸ ಸುಳ್ಳಾಗದೆ ಉಳಿದು, ಅದರ ಕಾರಣ ಮಾತ್ರ ಬೇರೆಯಾಯಿತು. ಮನಸ್ಸು ಎಚ್ಚರವಾಗಿ, ಹಿತವಾಗಿ ಇದ್ದಾಗ ಸ್ವಲ್ಪ ಹೊತ್ತು ಕೆಲಸ ಚೆನ್ನಾಗಿ ಆಗುತ್ತದೆ. ಅದು ಮೊಜಾರ್ಟ್‌ನಿಂದಲೇ ಬರಬೇಕಿಲ್ಲ. ಇಷ್ಟದ ಭಾವಗೀತೆಯಿಂದಲೂ ಬಂದೀತು. ರೌಷರ್ ಅವರಿಗೂ ಇಲ್ಲಿ ನ್ಯಾಯ ಸಲ್ಲಬೇಕು. ಬುದ್ಧಿ ಹೆಚ್ಚುತ್ತದೆ ಎಂದು ತಾವು ಹೇಳಿಯೇ ಇಲ್ಲ, ಹೇಳಿದ್ದು ಒಂದು ಬಗೆಯ ಪ್ರಶ್ನೆಗಳ ಬಗ್ಗೆ ಮಾತ್ರ ಎಂದು ಅವರು 1999ರಲ್ಲೇ ‘ನೇಚರ್’ನಲ್ಲಿ ಸ್ಪಷ್ಟಪಡಿಸಿದರು. ಅಷ್ಟರಲ್ಲಿ ಸಿ.ಡಿ.ಗಳು ಮಾರಾಟವಾಗಿದ್ದವು.

ಅವರು ಹಾಗೆ ಬರೆದದ್ದು ಎರಡು ಟೀಕೆಗಳಿಗೆ ಉತ್ತರವಾಗಿ. ಒಂದು, ಉತ್ತರ ಕೆರೊಲಿನಾದ ಅಪಲಾಚಿಯನ್ ಸ್ಟೇಟ್ ವಿಶ್ವವಿದ್ಯಾಲಯದ ಕೆನೆತ್ ಸ್ಟೀಲ್ ಅವರದು. ರೌಷರ್ ತಂಡದ ವಿಧಾನವನ್ನೇ ಅನುಸರಿಸಿದರೂ ಅವರಿಗೆ ಪರಿಣಾಮ ಸಿಕ್ಕಿರಲಿಲ್ಲ. ಇನ್ನೊಂದು ಕ್ರಿಸ್ಟೋಫರ್ ಷಬ್ರಿ ಅವರದು. ಅವರು 16 ಅಧ್ಯಯನಗಳ 714 ಮಂದಿಯನ್ನು ಒಟ್ಟಿಗೆ ಸೇರಿಸಿ ಲೆಕ್ಕ ಮಾಡಿದರು. ಮೌನಕ್ಕೆ ಹೋಲಿಸಿದರೆ ಮೊಜಾರ್ಟ್‌ನಿಂದ ಬಂದ ಲಾಭ ಐಕ್ಯೂ ಅಳತೆಯಲ್ಲಿ 1.4 ಅಂಕ. ಎಂಟೊಂಬತ್ತು ಇದ್ದದ್ದು ಒಂದೂವರೆಗೂ ಕಡಿಮೆಯಾಯಿತು.

ಹೀಗೇಕೆ ಕರಗುತ್ತದೆ? ಇಪ್ಪತ್ತು ಸಂಶೋಧಕರು ಇಪ್ಪತ್ತು ಊರುಗಳಲ್ಲಿ, ನಿಜವಾಗಿ ಇಲ್ಲದ ಪರಿಣಾಮವೊಂದನ್ನು ಹುಡುಕುತ್ತಿದ್ದಾರೆ ಎನ್ನಿ. ಶೇ. 5ರ ಗೆರೆ ಇಟ್ಟುಕೊಂಡರೆ ಅವರಲ್ಲಿ ಸರಾಸರಿ ಒಬ್ಬರಿಗೆ ಅದು ಆಕಸ್ಮಿಕವಾಗಿ ಸಿಕ್ಕೇ ಸಿಗುತ್ತದೆ. ಅವರ ಲೇಖನ ಅಚ್ಚಾಗುತ್ತದೆ, ಉಳಿದ ಹತ್ತೊಂಬತ್ತು ಮೇಜಿನ ಡ್ರಾಯರಿನಲ್ಲಿ ಉಳಿಯುತ್ತವೆ. ರಾಬರ್ಟ್ ರೋಸೆಂಥಾಲ್ 1979ರಲ್ಲೇ ಈ ಡ್ರಾಯರಿನ ತೊಂದರೆಯ ಬಗ್ಗೆ ಎಚ್ಚರಿಸಿದ್ದರು. ಇಪ್ಪತ್ತು ಮಂದಿಯೂ ಬೇಡ, ಒಬ್ಬರೇ ಇಪ್ಪತ್ತು ಬಗೆಯಲ್ಲಿ ಲೆಕ್ಕ ಹಾಕಿದರೂ ಸಾಕು. ಜೋಸೆಫ್ ಸಿಮನ್ಸ್, ಲೀಫ್ ನೆಲ್ಸನ್, ಯೂರಿ ಸೈಮನ್‌ಸನ್ 2011ರಲ್ಲಿ ಬೇಕೆಂದೇ ಇದನ್ನು ಮಾಡಿ ತೋರಿಸಿದರು. ಅರವತ್ತನಾಲ್ಕನೆಯ ವಯಸ್ಸಿನ ಬಗ್ಗೆ ಬೀಟಲ್ಸ್ ತಂಡ ಹಾಡಿದ ಹಾಡನ್ನು ಕೇಳಿದ ವಿದ್ಯಾರ್ಥಿಗಳು ಇನ್ನೊಂದು ಸಂಗೀತ ಕೇಳಿದವರಿಗಿಂತ ಸುಮಾರು ಒಂದೂವರೆ ವರ್ಷ ಚಿಕ್ಕವರಾದರು! 20.1 ವರ್ಷ ಮತ್ತು 21.5 ವರ್ಷ; ಪಿ-ಮೌಲ್ಯ ಶೇ. 4; ಗೆರೆ ದಾಟಿಯೇ ಬಿಟ್ಟಿತು. ದತ್ತಾಂಶ ನಿಜವಾದದ್ದು, ಲೆಕ್ಕವೂ ಸರಿ. ಅವರು ಮಾಡಿದ್ದಿಷ್ಟೇ: ಹಲವು ಸಂಗತಿಗಳನ್ನು ಅಳೆದು ಬೇಕಾದದ್ದನ್ನು ಮಾತ್ರ ವರದಿ ಮಾಡುವುದು, ನಡುನಡುವೆ ಫಲಿತಾಂಶ ನೋಡಿ ಬೇಕಾದಲ್ಲಿ ನಿಲ್ಲಿಸುವುದು. ಇಂಥ ನಾಲ್ಕು ಸಡಿಲಿಕೆಗಳನ್ನು ಒಟ್ಟಿಗೆ ಬಳಸಿಕೊಂಡರೆ ಇಲ್ಲದ ಪರಿಣಾಮ ಸಿಗುವ ಸಾಧ್ಯತೆ ಶೇ. 5ರಿಂದ ಶೇ. 61ಕ್ಕೆ ಏರುತ್ತದೆ ಎಂದು ಅವರು ಲೆಕ್ಕ ಹಾಕಿದರು.

ನಾಲ್ಕು ವರ್ಷದ ನಂತರ, 2015ರಲ್ಲಿ, ಮನಶ್ಶಾಸ್ತ್ರದ ಮೂರು ಪ್ರಮುಖ ಪತ್ರಿಕೆಗಳಿಂದ 100 ಅಧ್ಯಯನಗಳನ್ನು ಆಯ್ದು ಮತ್ತೆ ಮಾಡಿ ನೋಡಿದ ಫಲಿತಾಂಶ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಮೂಲದಲ್ಲಿ ಶೇ. 97 ಅಧ್ಯಯನಗಳು ಸಾರ್ಥಕ ಫಲಿತಾಂಶ ಕೊಟ್ಟಿದ್ದವು. ಮತ್ತೆ ಮಾಡಿದಾಗ ಶೇ. 36 ಮಾತ್ರ. ಕೆಲವರು ಇದನ್ನು ಮನಶ್ಶಾಸ್ತ್ರದ ಸೋಲು ಎಂದರು. ನಾನು ಒಪ್ಪುವುದಿಲ್ಲ. ತನ್ನ ಮನೆಯನ್ನು ತಾನೇ ಹೀಗೆ ಬಾಗಿಲು ತೆರೆದು ತೋರಿಸಿದ ಶಾಸ್ತ್ರಗಳು ಹೆಚ್ಚಿಲ್ಲ. ಮೊಜಾರ್ಟ್‌ನ ಲೆಕ್ಕವನ್ನು ವಿವರವಾಗಿ ಚುಕ್ತಾ ಮಾಡಿದವರೂ ಮನಶ್ಶಾಸ್ತ್ರಜ್ಞರೇ, ಅದೂ ಮೊಜಾರ್ಟ್ ಬದುಕಿ ಸತ್ತ ವಿಯೆನ್ನಾದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಯಾಕೋಬ್ ಪೀಟ್ಷ್ನಿಗ್ ಮತ್ತು ಇಬ್ಬರು ಸಂಗಡಿಗರು 2010ರಲ್ಲಿ ಸುಮಾರು 40 ಅಧ್ಯಯನಗಳನ್ನು, 3 ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಟ್ಟುಗೂಡಿಸಿದರು. ಮಾನಕ ವಿಚಲನೆಯ ಅಳತೆಯಲ್ಲಿ ಮೊಜಾರ್ಟ್‌ನ ಪರಿಣಾಮ 0.37, ಬೇರೆ ಸಂಗೀತದ್ದು 0.38. ಎರಡನ್ನೂ ಹೋಲಿಸಿದ್ದು ಸಂಗೀತವೇ ಇಲ್ಲದ ಸ್ಥಿತಿಗೆ. ಮೊಜಾರ್ಟನ್ನು ನೇರವಾಗಿ ಬೇರೆ ಸಂಗೀತಕ್ಕೆ ಹೋಲಿಸಿದ ಅಧ್ಯಯನಗಳಲ್ಲಿ 0.15. ಡ್ರಾಯರಿನಲ್ಲಿ ಉಳಿದ ಅಧ್ಯಯನಗಳ ಗುರುತೂ ಅವರಿಗೆ ಸಿಕ್ಕಿತು.

ಡ್ರಾಯರಿಗೆ ಈಗ ಒಂದು ಮದ್ದು ಬಂದಿದೆ. ಪ್ರಯೋಗ ಮಾಡುವ ಮೊದಲೇ ಸಂಶೋಧಕರು ಪ್ರಶ್ನೆ, ಜನರ ಸಂಖ್ಯೆ, ಲೆಕ್ಕದ ವಿಧಾನ ಎಲ್ಲವನ್ನೂ ಬರೆದು ಪತ್ರಿಕೆಗೆ ಕಳಿಸುತ್ತಾರೆ. ಯೋಜನೆ ಗಟ್ಟಿಯಾಗಿದ್ದರೆ ಸಂಪಾದಕರು ಆಗಲೇ ಒಪ್ಪಿಕೊಳ್ಳುತ್ತಾರೆ. ಫಲಿತಾಂಶ ಹೌದು ಎನ್ನಲಿ, ಇಲ್ಲ ಎನ್ನಲಿ, ಅಚ್ಚಾಗುವುದು ಖಚಿತ. ನೆದರ್‌ಲ್ಯಾಂಡ್ಸ್‌ನ ಆನ್ ಶೀಲ್ ಮತ್ತು ಸಹೋದ್ಯೋಗಿಗಳು 2021ರಲ್ಲಿ ಎರಡೂ ಬಗೆಯ ಲೇಖನಗಳನ್ನು ಪಕ್ಕಪಕ್ಕ ಇಟ್ಟು ಎಣಿಸಿದರು. ಮಾಮೂಲಿ ಲೇಖನಗಳಲ್ಲಿ ಸಂಶೋಧಕರ ಮೊದಲ ಊಹೆ ನಿಜವಾದದ್ದು ಶೇ. 96ರಲ್ಲಿ; ಮೊದಲೇ ಒಪ್ಪಿಗೆ ಪಡೆದವುಗಳಲ್ಲಿ ಶೇ. 44ರಲ್ಲಿ. ಇಷ್ಟು ದೊಡ್ಡ ಅಂತರವೆಲ್ಲ ಡ್ರಾಯರಿನದೇ ಎಂದು ಅವರು ಬರೆಯಲಿಲ್ಲ. ಯಾವ ಲೇಖನ ಯಾವ ದಾರಿಯಲ್ಲಿ ಹೋಗಬೇಕೆಂದು ಇಲ್ಲಿ ಯಾರೂ ಚೀಟಿ ಎತ್ತಿರಲಿಲ್ಲ. ಅನುಮಾನಾಸ್ಪದ ಊಹೆಗಳನ್ನೇ ಆರಿಸಿಕೊಂಡು ಹೊಸ ದಾರಿ ಹಿಡಿದ ಸಂಶೋಧಕರೂ ಇರಬಹುದು ಎಂಬ ಮಾತನ್ನು ಅವರೇ ಸೇರಿಸಿದರು.